ಹಿರಾನುಮಾರ ಜೊತೆಗಾರ

ದೆವ್ವ ಗಿವ್ವ ಎಂದರೆ ಪಕಪಕ ನಗುವ ಪೈಕಿ ಶೈಲಜಾ. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿ, ಅಮೆರಿಕದ ಹರ್ನ್‌ಡನ್ನಿನ ಪುಟ್ಟದೊಂದು ವಿಡಿಯೊ ಗೇಮ್ ಕಂಪನಿಗೆ ಸೇರಿದ್ದವಳು. ತೊಂಬತ್ತಾರರ ಬೇಸಿಗೆಯಲ್ಲಿ ಆ ನಗು ಎಲ್ಲಿ ಹೋಯಿತೋ! ಇಬ್ಬರು ಆಡುವ ಹೊಸ ಗೇಮಿನ ಎರಡನೆಯ ಗೊಂಬೆ, ಯಾರೂ ಆಡಿಸದೆ ಪರದೆಯ ಮೇಲೆ ತಾನಾಗಿಯೇ ಓಡತೊಡಗಿತ್ತು.

"ಕಂಟ್ರೋಲರ್ ಅನ್‌ಪ್ಲಗ್ ಮಾಡಿದೀನಿ ಕಣೆ," ಎಂದ ಪಕ್ಕದ ಸೀಟಿನ ಪ್ರತಾಪ್, ವೈರು ಎತ್ತಿ ತೋರಿಸುತ್ತ. "ಆದ್ರೂ ಓಡ್ತಿದೆ ನೋಡು. ಶುಕ್ರವಾರದೊಳಗೆ ಫಿಕ್ಸ್ ಮಾಡ್ಲಿಲ್ಲ ಅಂದ್ರೆ ಗೇಮ್ ಮಾರಾಟಕ್ಕೆ ತರೋ ಪಬ್ಲಿಷರ್ ಕೈ ಎತ್ತಿಬಿಡ್ತಾರೆ. ಕಂಪನಿ ಕ್ಲೋಸ್, ನಮ್ಮ ವೀಸಾನೂ ಗೋವಿಂದ."

ಸೇತುವೆಯ ಅಂಚಿಗೆ ಬಂದಾಗಲೆಲ್ಲ ಆ ಗೊಂಬೆ ನಿಂತಲ್ಲೇ ಎರಡು ಸಲ ಕುಪ್ಪಳಿಸಿ, ಆಮೇಲೆ ಹಾರುತ್ತಿತ್ತು. ಮೊದಲನೆಯ ಗೊಂಬೆ ಹಿಂದೆ ಬಿದ್ದರೆ ಕಾಯುತ್ತಿತ್ತು. ಅದು ಕಾಯುವುದನ್ನು ನೋಡಿ ಶೈಲಜಾ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು.

ಕಂಪನಿ ಕಟ್ಟಿದ ಹಿರಾನುಮಾರನ್ನು ಕರೆದಳು. ನೋಡಿದವರೇ ಕುರ್ಚಿಯಲ್ಲಿ ಕುಸಿದರು.

"ತೊಕಿದಾ," ಎಂದರು. "ಹಾರುವ ಮುಂಚೆ ಅವನ ಹೆಬ್ಬೆರಳು ಹೀಗೇ ಎರಡು ಸಲ ಒತ್ತುತ್ತಿತ್ತು."

ಜಪಾನಿನ ಒಸಾಕಾದಲ್ಲಿ ಹಿರಾನುಮಾ, ತೊಕಿದಾ ಇಬ್ಬರೂ ಕೂಡಿ ಗೇಮು ಬರೆದವರು. ಬೇರೆ ಕಂಪನಿಯವರು ಸೆಳೆದುಕೊಂಡಾರೆಂದು ಅಲ್ಲಿನ ಕಂಪನಿ ಪರದೆಯ ಮೇಲೆ ಇವರ ನಿಜವಾದ ಹೆಸರು ಹಾಕುತ್ತಿರಲಿಲ್ಲ, ಬರೀ ಅಡ್ಡಹೆಸರು. ಹಗಲೂ ರಾತ್ರಿ ದುಡಿದು ತೊಕಿದಾ ಮೇಜಿನ ಮೇಲೇ ಪ್ರಾಣ ಬಿಟ್ಟ. ಅವನ ಹೆಸರು ಎಲ್ಲಿಯೂ ಬರಲಿಲ್ಲ. ಅದೇ ಸಂಕಟಕ್ಕೆ ಹಿರಾನುಮಾ ಕೆಲಸ ಬಿಟ್ಟು, ದುಡಿದವರೆಲ್ಲರ ಹೆಸರು ಹಾಕುತ್ತೇನೆಂದು ಸ್ವಂತ ಕಂಪನಿ ತೆರೆದರು. ಆದರೆ ಹೊಸ ಗೇಮಿನ ಜೀವಾಳವಾದ ಕೋಡ್ ತೊಕಿದಾ ಬರೆದದ್ದೇ. ಅದನ್ನು ಅವರು ಹಳೆಯ ಕಂಪನಿಯಿಂದ ಗುಟ್ಟಾಗಿ ತಂದಿದ್ದರು.

"ಅವರ ಹೆಸರು ಹಾಕಿಬಿಡೋಣ ಸರ್," ಎಂದಳು ಶೈಲಜಾ.

"ಹಾಕಿದರೆ ಕೋಡ್ ತಂದದ್ದು ಬಯಲಾಗಿ ಹಳೆಯ ಕಂಪನಿಯವರು ಕೋರ್ಟಿಗೆ ಎಳೀತಾರೆ. ಕಂಪನಿ ಉಳಿಯಲ್ಲ. ಆ ಗೊಂಬೆಯನ್ನೇ ತೆಗೆದುಹಾಕು."

ಅವಳು ತೆಗೆದುಹಾಕಿದಳು. ವೀಸಾ ಯಾರಿಗೆ ಬೇಡ?

ಶುಕ್ರವಾರ ರಾಕ್‌ವಿಲ್ಲಿನಿಂದ ಪಬ್ಲಿಷರ್ ಬಂದರು. ಒಂಟಿ ಗೊಂಬೆಯನ್ನು ಹಿರಾನುಮಾರೇ ಆಡಿಸಿದರು, ಒಂದು ಕಡೆಯೂ ಎಡವಲಿಲ್ಲ. "ಬರೆದದ್ದು ಯಾರು?" ಎಂದು ಕೇಳಿದಾಗ, "ನಾನೊಬ್ಬನೇ," ಎಂದರು. ಸಹಿ ಬಿತ್ತು. ಹೋದ ಜೀವ ಬಂದಂತಾಗಿ ಶೈಲಜಾ ಗೇಮು ಓಡುತ್ತಿದ್ದ ಟಿವಿ ಆರಿಸಿದಳು. ಪಬ್ಲಿಷರ್ ಕೈ ಚಾಚಿದರು. ಹಿರಾನುಮಾ ಚಾಚಲಿಲ್ಲ. ಕಂಟ್ರೋಲರ್ ಅವರ ಕೈಯಲ್ಲೇ ಇತ್ತು, ಹೆಬ್ಬೆರಳು ಎರಡು ಸಲ ಒತ್ತುತ್ತಿತ್ತು, ತಡೆಯುತ್ತಿತ್ತು, ಮತ್ತೆ ಎರಡು ಸಲ.

"ಪಾಪ, ತುಂಬ ಸುಸ್ತಾಗಿದ್ದಾರೆ," ಎಂದು ಪ್ರತಾಪ್ ಏನೋ ನಗಾಡಿ, ಬಂದವರನ್ನು ಕಾರಿನ ತನಕ ಕಳಿಸಲು ಹೋದ.

"ಶೈಲಜಾ, ಕೈ ನನ್ನ ಮಾತು ಕೇಳ್ತಿಲ್ಲ," ಎಂದರು ಹಿರಾನುಮಾ. ಕಣ್ಣು ತುಂಬಿತ್ತು. "ಅವನ ಹೆಸರು ಹಾಕಿಬಿಡು. ನನಗೆ ಟೈಪ್ ಮಾಡೋಕೆ ಆಗ್ತಿಲ್ಲ."

ಕೀಬೋರ್ಡಿನ ಮುಂದೆ ಕೂತಳು. ಒಂದೇ ಒಂದು ಹೆಸರು. ಬರೆದರೆ ಆ ಸಹಿ ಹೋಗುತ್ತದೆ, ಕೆಲಸ ಹೋಗುತ್ತದೆ, ಗಂಟುಮೂಟೆ ಕಟ್ಟಬೇಕಾಗುತ್ತದೆ. ಬೆನ್ನ ಹಿಂದೆ ಗುಂಡಿಯ ಟಿಕ್ ಟಿಕ್ ನಿಲ್ಲಲಿಲ್ಲ.

"ಸೋಮವಾರ ನೋಡೋಣ ಸರ್," ಎಂದು ಬ್ಯಾಗು ಎತ್ತಿಕೊಂಡು, ಅವರ ಮುಖ ನೋಡದೆ ಕೆಳಗಿಳಿದಳು. ಕಾರಿನೊಳಗೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅತ್ತರೂ, ಮತ್ತೆ ಮೇಲೆ ಹತ್ತಿ ಹೋಗಲಿಲ್ಲ.