ಮೇಷ್ಟ್ರ ಹೂವಿನ ಟೆಂಪೋ

ಮುದ್ದಮ್ಮ ನಡುಬೀದಿಯಲ್ಲೇ ಗಂಡನನ್ನು ನಿಲ್ಲಿಸಿಕೊಂಡು ಅವನ ಶರಟಿನ ಜೇಬು, ಪ್ಯಾಂಟಿನ ಜೇಬು, ಕೊನೆಗೆ ಸೊಂಟದ ಸುತ್ತಲೂ ತಡಕಿದಳು. ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ, ಅಷ್ಟೇ. ಬ್ರಾಂದಿ ಪಾಕೆಟ್ಟು ಇರಲಿಲ್ಲ.

"ಸಾವಿನ ಮನೆ ಮುಂದೆ ಮಾನ ಕಳೀಬ್ಯಾಡ ಕಣಮ್ಮಿ," ಎಂದ ಸಿದ್ದೇಶ. ಅವನ ಕೈಯಲ್ಲಿದ್ದ ಹಾರ ಗಾಳಿಯಿಲ್ಲದೆಯೇ ಅಲುಗುತ್ತಿತ್ತು.

"ನೀನು ಉಳ್ಸಿರೋ ಮಾನ ನಂಗೊತ್ತಿಲ್ವಾ? ನಡಿ ಮುಂದಕ್ಕೆ."

ಬಸರಾಳಿನ ಪಕ್ಕದ ಆ ಸಣ್ಣ ಹಳ್ಳಿಯಲ್ಲಿ ಸತ್ತಿದ್ದವರು ಕೆಂಪಸಿದ್ದಯ್ಯ. ಮದ್ದೂರಿನ ವ್ಯಸನಮುಕ್ತಿ ಕೇಂದ್ರದಲ್ಲಿ ಆಪ್ತ ಸಮಾಲೋಚಕರು. ಅಷ್ಟುದ್ದದ ಹುದ್ದೆ ಯಾರ ನಾಲಿಗೆಯಲ್ಲೂ ಹೊರಳದೆ, ಮಳವಳ್ಳಿಯಿಂದ ಮಂಡ್ಯದವರೆಗೂ ಜನ ಅವರನ್ನು ಕುಡಿತ ಬಿಡಿಸೋ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ರಾತ್ರಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಸಿದ್ದೇಶನನ್ನು ಕೇಂದ್ರಕ್ಕೆ ಸೇರಿಸಿಕೊಳ್ಳುತ್ತೇನೆಂದು ಅವರು ಹೇಳಿದ್ದ ದಿನವೂ ಇದೇ ಆಗಿತ್ತು.

ಮುದ್ದಮ್ಮನಿಗೆ ಸಂಕಟವಾಗಿದ್ದು ನಿಜ. ಆದರೆ ಸಂಕಟಕ್ಕಿಂತ ಹೆಚ್ಚಾಗಿ ಭಯವಾಗಿತ್ತು. ಮೇಷ್ಟ್ರಿದ್ದರೆ ಮಾತ್ರ ಸೇರುತ್ತೇನೆ ಎಂದು ಹಟ ಹಿಡಿದಿದ್ದ ಗಂಡ. ಈಗ ಮೇಷ್ಟ್ರೇ ಇಲ್ಲ. ಮಣ್ಣು ಮುಗಿಯುತ್ತಲೇ ಇವನು ತಮ್ಮೂರು ಯಲಿಯೂರಿನ ಬಸ್ಸು ಹತ್ತಿ, ಇಳಿದವನೇ ನೇರ ಬ್ರಾಂದಿ ಅಂಗಡಿಗೆ ನುಗ್ಗಿದರೆ ತಡೆಯುವವರು ಯಾರು?

ಶಾಮಿಯಾನದ ಕೆಳಗೆ ಮೇಷ್ಟ್ರು ಬೆಂಚಿನ ಮೇಲೆ ಮಲಗಿದ್ದರು. ಕನ್ನಡಕ ತೆಗೆದ ಮುಖ ಬೇರೆ ಯಾರದೋ ಎನ್ನುವಂತಿತ್ತು. ತಲೆದೆಸೆಯಲ್ಲಿ ಹೆಂಡತಿ ಪಟ್ಟಲಮ್ಮ ಕೂತಿದ್ದರು.

"ಊರೋರ ಗೋಳೆಲ್ಲ ಕೇಳ್ಸ್ಕತ್ತಿದ್ರು," ಎಂದರು ಪಟ್ಟಲಮ್ಮ, ಪಕ್ಕದ ಹೆಂಗಸಿಗೆ. "ನಾನು ಸೊಪ್ಪು ತನ್ನಿ ಅಂದ್ರೆ ಮಾತ್ರ ಕಿವಿ ಕೇಳ್ತಿರ್ನಿಲ್ಲ. ತಂದ್ರೂ ಬಾಡಿರೋದೇ ತರೋರು. ಪಾಪ, ಸೊಪ್ಪು ಮಾರೋ ಮುದುಕಿ ತಾವ ಕೊನೇಲಿ ಇಷ್ಟು ಉಳ್ಕಂಡಿತ್ತು, ಅವ್ಳೂ ಮನೆಗೋಗ್ಬೇಕಲ್ಲ, ಅಂತಿದ್ರು."

ಹೆಂಗಸರು ನಗಲೂ ಆಗದೆ ಅಳಲೂ ಆಗದೆ ಸೆರಗು ಬಾಯಿಗಿಟ್ಟುಕೊಂಡರು. ಮುದ್ದಮ್ಮನ ಗಮನ ಅತ್ತ ಇರಲಿಲ್ಲ. ಹುಲ್ಲಿನ ಮೆದೆಯ ಹಿಂದೆ, ಗುಂಡಿ ತೋಡಿ ಬಂದವರಿಗೆ ಪಾಕೆಟ್ಟು ಹಂಚುತ್ತಿದ್ದರು. ಗುಂಡಿ ತೋಡಿದವರಿಗೆ, ತಮಟೆಯವರಿಗೆ ಕೊಡಲೇಬೇಕು. ಕುಡಿತ ಬಿಡಿಸುವವರ ಸಾವಾದರೂ ಪದ್ಧತಿ ಪದ್ಧತಿಯೇ. ಸಿದ್ದೇಶನ ಕಣ್ಣು ಆ ಮೆದೆಯನ್ನೇ ನೆಕ್ಕುತ್ತಿತ್ತು. ಅವಳು ಅವನ ರಟ್ಟೆಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡಳು.

* * *

ಹೋದ ತಿಂಗಳು ಮದ್ದೂರಿನ ಕೇಂದ್ರದ ಕೋಣೆಯಲ್ಲಿ ಮೇಷ್ಟ್ರು ಮೊದಲಿಗೆ ಕುಡಿತದ ಮಾತನ್ನೇ ಎತ್ತಿರಲಿಲ್ಲ. ನಿದ್ದೆ ಬರುತ್ತಾ, ಮುದ್ದೆ ಸೇರುತ್ತಾ, ಬೆಳಿಗ್ಗೆ ಮೊದಲು ನೆನಪಾಗುವುದೇನು ಎಂದೆಲ್ಲ ಬೀಗರನ್ನು ವಿಚಾರಿಸುವಂತೆ ವಿಚಾರಿಸಿದರು. ಆಮೇಲೆ ಸಿದ್ದೇಶನ ಎರಡೂ ಕೈ ಮುಂದೆ ಚಾಚಿಸಿ, ಬೆರಳುಗಳ ಮೇಲೆ ಒಂದು ಹಾಳೆ ಇಟ್ಟರು. ಹಾಳೆ ಪಟಪಟ ಅಲುಗಿತು.

"ಈ ನಡುಕ ನಿಲ್ಸೋಕೆ ಬೆಳಿಗ್ಗೇನೇ ಹಾಕ್ತೀಯ, ಅಲ್ವಾ?"

ಸಿದ್ದೇಶ ತಲೆ ತಗ್ಗಿಸಿದ. ಮೇಷ್ಟ್ರು ಬೈಯಲಿಲ್ಲ. ಮುದ್ದಮ್ಮನ ಕಡೆಗೆ ತಿರುಗಿದರು.

"ನೋಡಮ್ಮ, ಇಲ್ಲಿಗೆ ಬರೋವರ್ಗೂ ನೀನಾಗಿ ಇವ್ನ ಕುಡಿತ ನಿಲ್ಲಿಸ್ಬೇಡ. ಮಾತ್ರೆ ಕೊಟ್ಟು, ಡಾಕ್ಟ್ರು ನೋಡ್ಕೊಂಡು ಇಳಿಸ್ಬೇಕು. ಒಂದೇ ಸಲಕ್ಕೆ ನಿಲ್ಲಿಸಿದ್ರೆ ಫಿಟ್ಸ್ ಬರ್ತದೆ, ಜೀವಕ್ಕೇ ಅಪಾಯ."

ಮುದ್ದಮ್ಮನಿಗೆ ರೇಗಿ ಹೋಗಿತ್ತು. ಕುಡಿತ ಬಿಡಿಸುವವನೇ ಕುಡಿಯಲಿ ಅನ್ನುತ್ತಾನಲ್ಲ, ಎಲ್ಲ ಗಂಡಸರೂ ಒಂದೇ, ಅಂದುಕೊಂಡಳು. ಸೇರುವ ದಿನ ಹತ್ತಿರವಾದಾಗ ಮಾದಪ್ಪನ ಬೆಟ್ಟಕ್ಕೆ ಹೊರಟವರಂತೆ ಮನೆ ತೊಳೆದಳು. ಅಡಗಿಸಿಟ್ಟಿದ್ದ ಪಾಕೆಟ್ಟುಗಳನ್ನೆಲ್ಲ ಹುಡುಕಿ ಬಚ್ಚಲಿಗೆ ಸುರಿದಳು. ಗಂಡನಿಗೆ ತಲೆಗೆ ನೀರು ಹಾಕಿ, ಬಾಗಿಲಿಗೆ ಬೀಗ ಜಡಿದು, ಮೊನ್ನೆಯಿಂದ ಕಾವಲು ಕೂತಳು. ಒಳ್ಳೆಯ ಜಾಗಕ್ಕೆ ಮೈಲಿಗೆಯಲ್ಲಿ ಯಾರಾದರೂ ಹೋಗುತ್ತಾರಾ?

* * *

"ಮುದ್ದಮ್ಮ ಅಲ್ವಾ ನೀವು?" ಕೇಂದ್ರದ ನರ್ಸ್ ಶಾಲಿನಿ ಹತ್ತಿರ ಬಂದಳು. ಅತ್ತು ಅತ್ತು ಅವಳ ಮೂಗು ಕೆಂಪಾಗಿತ್ತು. ಸಿದ್ದೇಶನ ಹಣೆಯ ಬೆವರನ್ನು ಕಂಡವಳೇ ಅಳು ನುಂಗಿದಳು. "ಇವ್ರು ಕೊನೇಗೆ ಕುಡಿದಿದ್ದು ಯಾವಾಗ?"

"ಮೊನ್ನೆಯಿಂದ ಒಂದು ತೊಟ್ಟೂ ಮುಟ್ಸಿಲ್ಲ ಕಣವ್ವ," ಎಂದಳು ಮುದ್ದಮ್ಮ ಹೆಮ್ಮೆಯಿಂದ.

ಶಾಲಿನಿಯ ಮುಖ ಬಿಳಚಿಕೊಂಡಿತು. "ಮೇಷ್ಟ್ರು ಬೇಡ ಅಂತ ಹೇಳಿರ್ಲಿಲ್ವಾ?"

ಅಷ್ಟರಲ್ಲಿ ಸಿದ್ದೇಶ ಶಾಮಿಯಾನದ ಗಳುವನ್ನು ದಿಟ್ಟಿಸುತ್ತ, "ಮೇಷ್ಟ್ರು ಕರೀತಾವ್ರೆ, ನೋಡಮ್ಮಿ," ಎಂದ. ಹಾರ ಕೈಜಾರಿತು. ಮರುಗಳಿಗೆ ಅವನು ನೆಲಕ್ಕೆ ಬಿದ್ದು ಸೆಟೆದುಕೊಂಡ, ಹಲ್ಲು ಕಚ್ಚಿ ಕೈಕಾಲು ಬಡಿಯತೊಡಗಿದ. ತಮಟೆ ನಿಂತಿತು. ಯಾರೋ ಬೀಗದ ಕೈ ಹಿಡಿಸಲು ಓಡಿಬಂದರು.

"ಕಬ್ಬಿಣ ಬೇಡ, ಬಾಯಿಗೂ ಏನೂ ಹಾಕ್ಬೇಡಿ," ಎಂದು ಶಾಲಿನಿ ಅವನ ತಲೆಯ ಕೆಳಗೆ ತನ್ನ ದುಪ್ಪಟ್ಟ ತುರುಕಿದಳು. ಬಡಿತ ನಿಂತ ಮೇಲೆ ಅವನನ್ನು ಮಗ್ಗುಲಿಗೆ ಹೊರಳಿಸಿದಳು. ಉಸಿರಿತ್ತು. "ಇನ್ನೊಂದು ಸಲ ಬಂದ್ರೆ ಕಷ್ಟ. ಈಗ್ಲೇ ಮಂಡ್ಯಕ್ಕೆ ಕರ್ಕೊಂಡು ಹೋಗ್ಬೇಕು."

ಆಂಬ್ಯುಲೆನ್ಸು ಬೇರೆ ಕಡೆ ಹೋಗಿದೆ, ಬರುವುದು ತಡ ಎಂದರು ಫೋನಿನಲ್ಲಿ. ಬಂದವರೆಲ್ಲ ಬಸ್ಸು, ಬೈಕಿನಲ್ಲಿ ಬಂದವರು. ಮೇಷ್ಟ್ರ ಮಗನ ಕಾರು ನೆಂಟರನ್ನು ಕರೆತರಲು ಹೋಗಿತ್ತು. ಅಂಗಳದ ಮುಂದೆ ಇದ್ದದ್ದು ಒಂದೇ ಗಾಡಿ: ಚೆಂಡುಹೂವಿನ ಸರ ಇಳಿಬಿಟ್ಟು, ಬಾಳೆಕಂದು ಕಟ್ಟಿ, ಮೇಷ್ಟ್ರ ಕೊನೆಯ ಮೆರವಣಿಗೆಗೆ ಸಿಂಗರಿಸಿದ್ದ ಟೆಂಪೋ.

ಎಲ್ಲರ ಕಣ್ಣೂ ಅದರ ಮೇಲೆ ಬಿತ್ತು. ಬಾಯಿ ಬಿಟ್ಟವರು ಮಾತ್ರ ಮೇಷ್ಟ್ರ ಅಣ್ಣ ಚಿಕ್ಕಣ್ಣ. "ಎಣದ ಗಾಡೀಲಿ ಬದುಕಿರೋನ್ನ ಮಲಗಿಸ್ತಾರೇನ್ರಪ್ಪ? ಒತ್ತು ಮುಳುಗೋದ್ರೊಳಗೆ ನಮ್ ತಮ್ಮನ ಮಣ್ಣಾಗ್ಬೇಕು."

ಪಟ್ಟಲಮ್ಮ ಗಂಡನ ತಲೆದೆಸೆಯಿಂದ ಎದ್ದು ನಿಂತರು.

"ಭಾವ, ತಟ್ಟೆ ಮುಂದೆ ಕೂತಿದ್ರೂ ಇಂಥೋರು ಬಂದ್ರೆ ಎದ್ದೋಗೋರು ಇವ್ರು. ಇಷ್ಟು ವರ್ಸ ಅನ್ನ ಆರಿಸ್ಕಂಡು ನಾನು ಕಾದೆ. ಇವತ್ತೊಂದಿನ ಇವ್ರು ಕಾಯ್ಲಿ ಬುಡಿ. ಅವನ್ನ ಎತ್ತಾಕ್ರಿ."

ನಾಲ್ವರು ಸಿದ್ದೇಶನನ್ನು ಎತ್ತಿ ಹೂವಿನ ನಡುವೆ ಮಲಗಿಸಿದರು. ಶಾಲಿನಿ ಹತ್ತಿದಳು. ಮುದ್ದಮ್ಮ ಮಾತ್ರ ಗಾಡಿಯ ಹಿಂದೆಯೇ ನಿಂತಳು. ಹೆಣ ಹೊರುವ ಗಾಡಿ. ಕೊರಳಲ್ಲಿ ತಾಳಿ ಇಟ್ಟುಕೊಂಡು, ಪಕ್ಕದಲ್ಲಿ ಗಂಡನನ್ನು ಮಲಗಿಸಿಕೊಂಡು ಇದರಲ್ಲಿ ಕೂರುವುದು ಹೇಗೆ? ಇದೆಲ್ಲ ಆದದ್ದೂ ತನ್ನದೇ ಕೈಯಿಂದ.

"ನಾನೇ ನಿಲ್ಸ್ದೆ ಕಣವ್ವ," ಎಂದಳು ಪಟ್ಟಲಮ್ಮನಿಗೆ. "ಚೆಂದಾಗಿ ಕರ್ಕಂಡು ಬರವಾ ಅಂತ."

"ಅದ್ಕೆ ಆಮೇಲೆ ಅಳೀವಂತೆ. ಗಾಡಿ ಹತ್ತು ಮೊದ್ಲು," ಎಂದು ಪಟ್ಟಲಮ್ಮ ಅವಳ ಬೆನ್ನಿಗೆ ಕೈ ಕೊಟ್ಟು ತಳ್ಳಿದರು.

ಟೆಂಪೋ ಬಸರಾಳು ಮುಟ್ಟಿದಾಗ ರಸ್ತೆಯ ಎರಡೂ ಬದಿ ಜನ. ಮೇಷ್ಟ್ರ ಮೆರವಣಿಗೆ ಇಷ್ಟು ಬೇಗ ಬಂತೆಂದು ಅಂಗಡಿಯವರು ಎದ್ದು ನಿಂತರು. ಗಂಡಸರು ತಲೆಯ ಟವೆಲ್ಲು ತೆಗೆದು ಕೈಮುಗಿದರು. ಒಬ್ಬ ಮುದುಕ ಓಡುತ್ತ ಬಂದು, "ನನ್ನ ಉಳ್ಸ್ದೆ ಕಣಪ್ಪೋ," ಎಂದು ಗೋಳಿಡುತ್ತ ಹಿಡಿಹೂವು ಎರಚಿದ. ಅದು ಸಿದ್ದೇಶನ ಎದೆಯ ಮೇಲೆ ಬಿತ್ತು.

ಸಿದ್ದೇಶ ಅರೆಗಣ್ಣು ತೆರೆದ. "ಯಾರು ಸತ್ತೋದ್ರಮ್ಮಿ?" ಎಂದ, ತೊದಲುತ್ತ.

ಮುದ್ದಮ್ಮ ಅವನ ಎದೆಯ ಮೇಲಿನ ಹೂವನ್ನು ಒಂದೊಂದಾಗಿ ಕೊಡವಿದಳು. ಆಮೇಲೆ ಅವನ ಬಲಗೈಯನ್ನು ಹಿಡಿದೆತ್ತಿ, ಚೆಂಡುಹೂವಿನ ಸರಗಳ ನಡುವಿನಿಂದ ಹೊರಗೆ ಚಾಚಿದಳು. ರಸ್ತೆಯ ಜನರೆಲ್ಲ ಕಾಣುವಂತೆ ಅದು ಗಡಗಡ ನಡುಗುತ್ತಿತ್ತು.