ಹಿಂದಿನ ಕೋಣೆಯ ಬಿಳಿ ಹೆಂಗಸು

ಆ ಊರಿನ ಕಥೆಗಳೆಲ್ಲ ಕ್ಷೌರದಂಗಡಿಯ ಬೆಂಚಿನ ಮೇಲೆ ನಡೆಯುತ್ತಿದ್ದವು. ಅಲ್ಲಿ ಒಂದು ಕಟ್ಟಳೆ ಇತ್ತು. ಕಥೆಯ ಕೊನೆಗೆ ಏನು ಬೇಕಾದರೂ ಸೇರಿಸಬಹುದು, ಇದ್ದದ್ದನ್ನು ತೆಗೆಯುವ ಹಾಗಿಲ್ಲ. ತೆಗೆದರೆ ಯಾರಾದರೊಬ್ಬರು 'ತಪ್ಪಿತು' ಅನ್ನುತ್ತಿದ್ದರು. ಹೇಳುವವನು ಮತ್ತೆ ಮೊದಲಿಂದ ಶುರು ಮಾಡಬೇಕಿತ್ತು.

ಹಿಟ್ಟಿನ ಗಿರಣಿಯವನಿಗೆ ಅಲ್ಲಿ ವಿಶೇಷ ಮರ್ಯಾದೆ. ಗಿರಣಿಯ ಹಿಂದಿನ ಕೋಣೆಯ ಬಿಳಿ ಹೆಂಗಸನ್ನು ಕಣ್ಣಾರೆ ಕಂಡವರಲ್ಲಿ ಉಳಿದವನು ಅವನೊಬ್ಬನೇ. ನಿಜ ಹೇಳಬೇಕೆಂದರೆ, ಹತ್ತು ವರ್ಷದವನಿದ್ದಾಗ ಹಿಟ್ಟಿನ ಚೀಲ ಹರಿದು ಮೈಮೇಲೆ ಬೀಳಿಸಿಕೊಂಡು, ಅಡಿಯಿಂದ ಮುಡಿಯವರೆಗೆ ಬೆಳ್ಳಗಾಗಿ ಆ ಕಿಟಕಿಯಲ್ಲಿ ನಿಂತವನು ಅವನೇ. ಕಾವಲುಗಾರ ನೋಡಿ ಕಿರುಚಿಕೊಂಡಿದ್ದ. ಅಪ್ಪನ ಏಟಿಗೆ ಹೆದರಿದ ಹುಡುಗ ನೀರಿನ ತೊಟ್ಟಿಯಲ್ಲಿ ಮುಳುಗೆದ್ದು ಬಂದು, ತಾನೂ ಅವಳನ್ನು ನೋಡಿದೆ, ಚೀಲ ಹರಿದವಳು ಅವಳೇ ಎಂದುಬಿಟ್ಟಿದ್ದ.

ಈಗ ಅದೇ ಕೋಣೆಯಲ್ಲಿ ಅವನ ಅಕ್ಕ ಹೊಲಿಗೆ ಯಂತ್ರ ಇಟ್ಟಿದ್ದಳು. ಗಂಡನ ಮನೆಯವರ ಬಾಯಿಗೆ ಸೋತು ಬಂದವಳು. ಎರಡು ತಿಂಗಳಾದರೂ ಬಿಳಿ ಹೆಂಗಸಿನ ಹೆದರಿಕೆಗೆ ಅಳತೆ ಕೊಡಲು ಒಬ್ಬಳೂ ಹೊಸ್ತಿಲು ದಾಟಿರಲಿಲ್ಲ. ಕೈ ಸುಮ್ಮನಿರದೆ, ಮನೆಯ ದಿಂಬಿನ ಚೀಲಗಳನ್ನೇ ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು.

"ಭಾನುವಾರದವರೆಗೂ ನೋಡ್ತೀನಿ ಕಣೋ," ಎಂದಿದ್ದಳು. "ಆಮೇಲೆ ಹೋಗಿ ಅವರ ಕಾಲಿಗೇ ಬೀಳೋದು."

ಶನಿವಾರ ಸಂಜೆ ಅವನು ಬೆಂಚಿನ ಮೇಲೆ ಕೂತು ಕಥೆ ಎತ್ತಿದ. ಕನ್ನಡಿಯ ಮುಂದೆ ಅಂಚೆಯವನು ಮುಖಕ್ಕೆ ನೊರೆ ಹಚ್ಚಿಸಿಕೊಂಡಿದ್ದ.

"ಕಿಟಕೀಲಿ ಇದ್ದದ್ದು ಹೆಂಗಸಲ್ಲ. ನಾನು. ಮೈತುಂಬ ಹಿಟ್ಟಾಗಿತ್ತು."

"ತಪ್ಪಿತು," ಎಂದ ಕ್ಷೌರಿಕ, ಕತ್ತಿ ಮಸೆಯುತ್ತ. "ಮೊದಲಿಂದ ಹೇಳು."

"ಅಣ್ಣಾ, ಇದು ಕಥೆ ಅಲ್ಲ. ಆಣೆ ಮಾಡಿ ಹೇಳ್ತಿದ್ದೀನಿ."

"ಅವಳಿಗೆ ನೆರಳಿರಲಿಲ್ಲ ಅಂತ ಹೇಳಿದೋನು ನೀನೇ," ಎಂದ ಅಂಚೆಯವನು. "ನೀನೇ ಆಗಿದ್ರೆ ನಿನ್ನ ನೆರಳು ಎಲ್ಲಿಗೆ ಹೋಗಿತ್ತು?"

"ಅದನ್ನ ನಾನೇ ಕಟ್ಟಿದ್ದು."

"ಹತ್ತು ವರ್ಷಕ್ಕೆ ಅಷ್ಟು ಬುದ್ಧಿ ಎಲ್ಲಿತ್ತು ಮಹರಾಯ ನಿನಗೆ? ಈಗಲೇ ಇಲ್ಲ."

ಎಲ್ಲರೂ ನಕ್ಕರು. ಅವನು ಮತ್ತೆ ಮೊದಲಿಂದ ಹೇಳಿದ. ಕಿಟಕಿಯವರೆಗೆ ಬಂದ. ಅದೇ ಜಾಗದಲ್ಲಿ 'ತಪ್ಪಿತು' ಬಿತ್ತು. ಮೂರನೆಯ ಸಲವೂ ಬಿದ್ದಾಗ ಅಂಚೆಯವನು ದನಿ ತಗ್ಗಿಸಿದ.

"ಇದನ್ನೆಲ್ಲ ಆ ಬಿಳಿ ಹೆಂಗಸೇ ಹೇಳಿಸ್ತಿದ್ದಾಳೆ. ಮಧ್ಯಾಹ್ನ ಆ ಕಡೆ ಹೋಗಿದ್ದೆ. ಬಾಗಿಲು ಹಾಕಿತ್ತು, ಒಳಗೆ ಟಕಟಕ ಸದ್ದು."

"ಅದು ನಮ್ಮಕ್ಕನ ಮಿಷನ್ನು."

"ಊರಲ್ಲಿ ಒಬ್ಬರೂ ಬಟ್ಟೆ ಕೊಟ್ಟಿಲ್ಲ. ಮತ್ತೆ ಮಿಷನ್ನು ಯಾಕಯ್ಯ ಓಡುತ್ತೆ?"

ಬೆಂಚಿನಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಸರಿ ಬಿಡು," ಎಂದ ಕ್ಷೌರಿಕ, "ಅದನ್ನೂ ಕೊನೇಲಿ ಸೇರಿಸ್ಕೋ."

ಅವನು ಎದ್ದು ಓಡುನಡಿಗೆಯಲ್ಲಿ ಗಿರಣಿಗೆ ಬಂದ. ಅಕ್ಕ ತಲೆ ಎತ್ತದೆ ಹೊಲಿಯುತ್ತಿದ್ದಳು.

"ಹೇಳಿದ್ಯಾ?"

"ಹೇಳಿದೆ."

"ಏನಂದ್ರು?"

"ಅಕ್ಕ, ಮಿಷನ್ನು ಸ್ವಲ್ಪ ನಿಲ್ಸು."

ಅವಳು ಕಾಲು ತೆಗೆದಳು. ಬೀದಿಯಲ್ಲಿ ಬರುತ್ತಿದ್ದ ಇಬ್ಬರು ಹೆಂಗಸರು ಗಕ್ಕನೆ ನಿಂತದ್ದು ಕೇಳಿಸಿತು.

"ನೋಡಿದ್ಯಾ," ಎಂದಿತು ಒಂದು ದನಿ, "ನಾವು ಬಂದದ್ದು ಅವಳಿಗೆ ಗೊತ್ತಾಯ್ತು."

ಹೆಜ್ಜೆಗಳು ಬಂದ ದಾರಿಗೇ ತಿರುಗಿದವು. ಅಕ್ಕ ಸೂಜಿಯಿಂದ ದಾರ ಬಿಡಿಸಿ, ಹೊಲಿದಿದ್ದ ದಿಂಬಿನ ಚೀಲವನ್ನೇ ಯಂತ್ರಕ್ಕೆ ಹೊದಿಸಿದಳು.