ಎರಡು ಗುಟುಕು

ಯಾನಿಕ್ ಚಹಾದ ಕೆಟಲಿಗೆ ಕೈ ಹಾಕಿದ್ದನ್ನು ಬಾಗಿಲಲ್ಲಿ ರೊಟ್ಟಿ ಹಿಡಿದು ನಿಂತಿದ್ದ, ಚಹಾ ಕೊಡುವ ಅಜ್ಜಿ ಜೂರಾಕನ್ ಕಂಡಳು. ತಡೆಯುವಷ್ಟರಲ್ಲಿ ಕೈ ಮೀರಿತ್ತು. ಯುರೋಪಿನಿಂದ ಸಂಧಾನಕ್ಕೆಂದು ಬಂದಿದ್ದ ಆ ಮಧ್ಯಸ್ಥ, ನದಿಯಾಚೆಯ ದೇಶದ ನಿಯೋಗದ ಮುಖ್ಯಸ್ಥ ನುಸ್ರತುಲ್ಲೋನ ಬಟ್ಟಲಿಗೆ ಅಂಚಿನವರೆಗೂ ಸುರಿದುಬಿಟ್ಟ. ನದಿಯ ಎರಡೂ ದಡದಲ್ಲಿ, ಎದ್ದು ಹೋದರೆ ಸಾಕು ಅನ್ನಿಸಿದ ಅತಿಥಿಗೆ ಮಾತ್ರ ಹಾಗೆ ತುಂಬಿಸಿಕೊಡುವುದು.

ಸೇತುವೆ ಮುಚ್ಚಿ ಎರಡು ವರ್ಷ. ಆಚೆ ದಡಕ್ಕೆ ಕೊಟ್ಟ ಮಗಳು ಹೆತ್ತ ಕೂಸನ್ನು ಜೂರಾಕನ್ ಇನ್ನೂ ಎತ್ತಿರಲಿಲ್ಲ. ಆಗಲೇ ಓಡಾಡುತ್ತಿದೆಯಂತೆ. ಇವತ್ತು ಇವರು ಒಪ್ಪಿದರೆ ಸೇತುವೆ ತೆರೆಯುತ್ತದೆ. ಅದಕ್ಕೇ ಬೆಳಗಿನಿಂದ ಎರಡೆರಡೇ ಗುಟುಕು ಬಗ್ಗಿಸುತ್ತ ಎರಡೂ ಕಡೆಯವರನ್ನು ಕೂರಿಸಿಕೊಂಡಿದ್ದಳು. ದೇಶದೇಶಗಳ ಜಗಳ ಹೇಗಿರುತ್ತದೋ ಎಂಬ ಕುತೂಹಲ ಬೇರೆ ಇತ್ತು. ನೋಡಿದರೆ ಕಾಲುವೆ ನೀರಿನ ಸರದಿಗೆ ಮುನಿಸಿಕೊಂಡ ನೆರೆಮನೆಯವರ ಹಾಗೆಯೇ; ಯಾರು ಮೊದಲು ಮಾತಾಡಬೇಕು ಎಂಬುದಕ್ಕೇ ಮಧ್ಯಾಹ್ನವಾಗಿತ್ತು.

ನುಸ್ರತುಲ್ಲೋ ಟೋಪಿ ಎತ್ತಿಕೊಂಡ. "ಹೊರಡಿ ಅನ್ನೋದಿದ್ರೆ ನೀವೇ ಹೇಳಬಹುದಿತ್ತಲ್ಲ, ಕಲ್ಮುರಾತ್. ಈ ಹುಡುಗನ ಕೈಲಿ ಯಾಕೆ ಹೇಳಿಸ್ತೀರಿ?"

"ನಾನೆಲ್ಲಿ ಹೇಳಿಸ್ದೆ? ಏಳೋಕೊಂದು ನೆಪ ಬೇಕಿತ್ತು ನಿಮಗೆ!" ಈಚೆ ಕಡೆಯ ಮುಖ್ಯಸ್ಥ ಕಲ್ಮುರಾತ್ ಕುರ್ಚಿ ಹಿಂದೆ ತಳ್ಳಿದ.

ತಪ್ಪೇನೆಂದು ತಿಳಿಯದೆ ಯಾನಿಕ್ ಕೆಟಲು ಹಿಡಿದೇ ನಿಂತ.

ಜೂರಾಕನ್ ರೊಟ್ಟಿ ಕೆಳಗಿಟ್ಟು ತುಂಬಿದ ಬಟ್ಟಲನ್ನು ಎತ್ತಿಕೊಂಡಳು. "ಇದು ನಂಗೆ ಬಗ್ಗಿಸಿದ್ದು ಕಣ್ರಪ್ಪಾ. ಬೆಳಗಿಂದ ನಿಂತೇ ಇದಾಳೆ, ಮನೆಗೆ ಹೋಗ್ಲಿ ಅಂತ, ಪಾಪ." ನಿಂತಲ್ಲೇ ಅಷ್ಟನ್ನೂ ಕುಡಿದಳು. ಕಣ್ಣಲ್ಲಿ ನೀರು ಬಂತು. "ಆದ್ರೆ ನಾನು ಹೋಗಲ್ಲ. ನನ್ನ ಮೊಮ್ಮಗಳು ನಿಮ್ಮ ಕಡೆ ಇದಾಳೆ, ನುಸ್ರತುಲ್ಲೋ. ನೀವು ಎದ್ದುಬಿಟ್ರೆ ನಾನೆಲ್ಲಿಗೆ ಹೋಗ್ಲಿ?"

ಕಲ್ಮುರಾತ್ ಕೆಮ್ಮಿದ. ಆಮೇಲೆ ನಗು ತಡೆಯಲಾಗಲಿಲ್ಲ. "ನಾಲಗೆ ಸುಟ್ಕೊಂಡ್ರೂ ಮಾತು ನಿಲ್ಲಿಸಲ್ಲ ನೋಡಿ ಈ ಅಜ್ಜಿ."

"ನಮ್ಮೂರಿಗೆ ಬೀಗತಿ ಅಲ್ವೇ, ಹಂಗೇ ಇರ್ತಾರೆ," ಎಂದ ನುಸ್ರತುಲ್ಲೋ. ಕೂತ, ಆದರೆ ಟೋಪಿಯನ್ನು ತೊಡೆಯ ಮೇಲೇ ಇಟ್ಟುಕೊಂಡ.

"ಎಷ್ಟು ಹಾಕ್ಬೇಕು?" ಯಾನಿಕ್ ಅಲ್ಲಿ ಎಲ್ಲರಿಗೂ ಬರುವ ರಷ್ಯನ್ನಿನಲ್ಲಿ, ಹರಕುಹರಕಾಗಿ ಪಿಸುಗುಟ್ಟಿದ.

ಜೂರಾಕನ್ ಬಟ್ಟಲಿನ ತಳದಿಂದ ಒಂದು ಬೆರಳು ಮೇಲಕ್ಕೆ ತೋರಿಸಿದಳು. "ಇಷ್ಟೇ. ಇನ್ನೊಂದ್ಸಲ ಕೇಳೋ ಹಾಗೆ."

ಯಾನಿಕ್ ನುಸ್ರತುಲ್ಲೋನ ಬಟ್ಟಲಿಗೆ ಅಷ್ಟೇ ಬಗ್ಗಿಸಿ ಕೆಟಲನ್ನು ಅವಳ ಕೈಗೆ ಕೊಟ್ಟ. ಎರಡು ಗುಟುಕಿಗೆ ಬಟ್ಟಲು ಬರಿದಾಯಿತು. ನುಸ್ರತುಲ್ಲೋ ಅದನ್ನು ಅಂಗೈಯಲ್ಲೇ ತಿರುಗಿಸುತ್ತ, ಕಿಟಕಿಯಾಚೆ ಮುಳ್ಳುತಂತಿ ಸುತ್ತಿದ ಸೇತುವೆಯತ್ತ ನೋಡುತ್ತ ಕೂತಿದ್ದ. ಅವಳು ಕೆಟಲು ಹಿಡಿದು ಕಾದಳು. ಕೊನೆಗೆ ಖಾಲಿ ಬಟ್ಟಲು ಮೇಜಿನ ಮೇಲೆ ಮೆಲ್ಲಗೆ ಅವಳ ಕಡೆಗೆ ಸರಿಯಿತು.